ಆಯಿಯ ಹಾಳೆ ತೆರೆಯದೇ ಹೋದ ದಿನ

ನಮ್ಮ ಮಠದ ಕಚೇರಿಯಲ್ಲಿ ನಾನು ಮಾಡುವ ಕೆಲಸಗಳಲ್ಲಿ ಒಂದು ಕೆಲಸಕ್ಕೆ ಕೂತಾಗ ಇವತ್ತಿಗೂ ಹೆದರಿಕೆಯಾಗುತ್ತದೆ. ಮಠದ ಹಿಂದಿನ ಸಾಲಿನಲ್ಲಿ ಕೋಣೆಗಳಿವೆ. ಕರ್ನಾಟಕದ ಹಳ್ಳಿಗಳಿಂದ, ಇನ್ನುಳಿದ ದಿನ ಕಾಶಿಯಲ್ಲೇ ಕಳೆಯುತ್ತೇವೆ ಎಂದು ಬಂದ ಮುದುಕಿಯರು, ಮುದುಕರು ಅಲ್ಲಿರುತ್ತಾರೆ. ಬಂದು ತಿಂಗಳಾದ ಮೇಲೆ ಒಬ್ಬೊಬ್ಬರನ್ನೇ ಕಚೇರಿಗೆ ಕರೆದು, ಕುರ್ಚಿ ಕೊಟ್ಟು, ನೀರು ಕೊಟ್ಟು, ತಾವು ಹೋದ ಮೇಲೆ ಏನು ಆಗಬೇಕು ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಅದಕ್ಕೆ ನಾವು 'ಹಾಳೆ' ಎನ್ನುತ್ತೇವೆ. ಬರೀ ಹಾಳೆ. ಅದಕ್ಕಿಂತ ಬಿಡಿಸಿ ಹೇಳಲು ಯಾರಿಗೂ ಬಾಯಿ ಬಂದಿಲ್ಲ.

ನಾನು ಹುಟ್ಟಿದ್ದು ಇದೇ ಊರಿನಲ್ಲಿ. ಅಪ್ಪ ಮಠದ ಅಡುಗೆಮನೆಯಲ್ಲಿದ್ದರು. ಶಾಲೆಯಲ್ಲಿ ಹಿಂದಿ, ಗಲ್ಲಿಯಲ್ಲಿ ಭೋಜಪುರಿ. ಕನ್ನಡ ಕಲಿತದ್ದು ಹಿಂದಿನ ಸಾಲಿನ ಜಗಲಿಯಲ್ಲಿ, ಅಕ್ಕಿ ಆರಿಸುತ್ತಾ ಕೂತ ಮುದುಕಿಯರ ಪಕ್ಕದಲ್ಲಿ. ಅಕ್ಷರ ತಿದ್ದಿಸಿದವರು ಅದೇ ಸಾಲಿನ ಒಬ್ಬ ನಿವೃತ್ತ ಮಾಸ್ತರರು. ಹೀಗಾಗಿ ನನ್ನ ನಾಲಗೆಯ ಮೇಲೆ ನಾಲ್ಕಾರು ಜಿಲ್ಲೆಗಳ ಮಾತು ಕಲಸಿಕೊಂಡಿದೆ. ಬೈಗುಳವಂತೂ ಎಲ್ಲ ಜಿಲ್ಲೆಯದೂ ಬರುತ್ತದೆ. ಆ ಮುದುಕಿಯರು ಭಾಷೆಯ ಜೊತೆಗೆ ತಮ್ಮ ಹೆದರಿಕೆಗಳನ್ನೂ ಕೊಟ್ಟು ಹೋದರು ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಹಾಳೆಯ ವಿಷಯದಲ್ಲಿ ಎರಡು ಕಟ್ಟುಗಳಿವೆ. ಮೊದಲನೆಯದು, ಮನುಷ್ಯ ಉಸಿರಾಡುತ್ತಿರುವಾಗ ಅವನ ಹಾಳೆ ಕಾಗದಕ್ಕೆ ಇಳಿಯಬಾರದು. ನನಗಿಂತ ಮುಂಚೆ ಇದ್ದ ಗುಮಾಸ್ತರು ಸ್ಲೇಟಿನ ಮೇಲೆ ಬರೆದು, ಬಾಯಿಪಾಠ ಮಾಡಿಕೊಂಡು ಅಳಿಸುತ್ತಿದ್ದರಂತೆ. ಕಂಪ್ಯೂಟರ್ ಬಂದಾಗ ಹಿಂದಿನ ಸಾಲಿನವರೆಲ್ಲ ನಿರಾಳವಾದರು. ಅದು ಕಾಗದವಲ್ಲ ತಾನೆ! ಎರಡನೆಯದು, ಒಮ್ಮೆ ಕೇಳಿದ್ದನ್ನು ಇನ್ನೊಮ್ಮೆ ಕೇಳಬಾರದು. ಆ ಹಳೆಯ ಗುಮಾಸ್ತರು ಒಬ್ಬ ಮುದುಕರನ್ನು, ಸರಿಯಾಗಿ ಕೇಳಿಸಲಿಲ್ಲ ಎಂದು, ಮಾರನೆಯ ದಿನ ಎರಡನೇ ಸಲ ಕೇಳಿದರಂತೆ. ದೀಪ ಹಚ್ಚುವ ಹೊತ್ತಿಗೆ ಆ ಮುದುಕರು ಇರಲಿಲ್ಲ. ಈ ಕತೆ ಕೇಳದೆ ಹಿಂದಿನ ಸಾಲಿನಲ್ಲಿ ಒಂದು ವಾರ ಕಳೆದವರಿಲ್ಲ.

ಹಾಳೆಯಲ್ಲಿ ಮೂರೇ ಮಾತು. ಯಾರಿಗೆ ತಿಳಿಸಬೇಕು, ಮೈಮೇಲೆ ಯಾವ ಸೀರೆ ಅಥವಾ ಧೋತರ ಇರಬೇಕು, ಮಣ್ಣೋ ಬೆಂಕಿಯೋ. ಮೂರನೆಯದೇ ದೊಡ್ಡದು. ನಮ್ಮ ಕಡೆಯಿಂದ ಬರುವವರಲ್ಲಿ ಹೂಳುವವರೂ ಇದ್ದಾರೆ, ಸುಡುವವರೂ ಇದ್ದಾರೆ. ಮಣ್ಣು ಎಂದವರಿಗೆ ಊರಾಚೆ ಮಠದ್ದೇ ಒಂದು ತುಂಡು ಜಾಗವಿದೆ. ಏನೂ ಹೇಳದವರಿಗೆ, ಹಾಳೆ ಇಲ್ಲದವರಿಗೆ, ಕೇಳುವ ಮಾತೇ ಇಲ್ಲ, ಮಣಿಕರ್ಣಿಕಾ ಘಾಟಿನ ಚಿತೆ.

ಈ ಹಾಳೆಗಳನ್ನೆಲ್ಲ ನಾನು ಒಂದು ಹಳೆಯ ಕನ್ನಡ ಟೈಪಿಂಗ್ ಪ್ರೋಗ್ರಾಮಿನಲ್ಲಿ ಬರೆದಿಟ್ಟಿದ್ದೆ. ಫೈಲಿನ ಮೇಲೆ ಎರಡು ಸಲ ಒತ್ತಿದರೆ ಸಾಕು, ಕಂಪ್ಯೂಟರ್ ತಾನಾಗಿ ಆ ಪ್ರೋಗ್ರಾಮನ್ನೇ ಕರೆದು ತೆರೆಸುತ್ತಿತ್ತು. ಒಂದು ಸೋಮವಾರ ವಾರ್ಡ್ ಆಫೀಸಿನಿಂದ ಹಿಂದಿಯಲ್ಲಿ ಒಂದು ಪಟ್ಟಿ ಬಂತು. ಅದರ ಹೆಸರಿನ ಕೊನೆಯಲ್ಲೂ ನಮ್ಮ ಹಾಳೆಗಳಿಗಿರುವ ಮೂರಕ್ಷರದ ಬಾಲವೇ ಇತ್ತು. ತೆರೆದರೆ ನಮ್ಮ ಕನ್ನಡದ ಪ್ರೋಗ್ರಾಮು ಆ ಹಿಂದಿಯನ್ನು ಕಲಸುಮೇಲೋಗರ ಮಾಡಿ ತೋರಿಸಿತು. ಮೌಸಿನ ಬಲಗುಂಡಿ ಒತ್ತಿ, ಬೇರೊಂದು ಪ್ರೋಗ್ರಾಮು ಆರಿಸಿದೆ. ಕೆಳಗೆ ಎರಡು ಗುಂಡಿ ಬಂದವು. ನಮ್ಮ ಕಂಪ್ಯೂಟರ್ ಮಾತಾಡುವುದು ಹಿಂದಿಯಲ್ಲಿ. ಒಂದರ ಮೇಲೆ 'ಕೇವಲ್ ಏಕ್ ಬಾರ್', ಇನ್ನೊಂದರ ಮೇಲೆ 'ಹಮೇಶಾ'. ಇದೊಂದು ಸಲವೇ, ಯಾವಾಗಲೂವೇ ಎಂದು ಕೇಳುತ್ತಿದೆ. ದಿನಾ ಈ ತಾಪತ್ರಯ ಯಾರಿಗೆ ಬೇಕು ಎಂದು 'ಹಮೇಶಾ' ಒತ್ತಿದೆ. ಹಿಂದಿ ಪಟ್ಟಿ ಮುತ್ತಿನಂತೆ ತೆರೆದುಕೊಂಡಿತು. ಖುಷಿಯಾಗಿ ಚಹಾ ಕುಡಿಯಲು ಹೋದೆ.

ಗುರುವಾರ ಬೆಳಿಗ್ಗೆ ಹಿಂದಿನ ಸಾಲಿನ ಕಡೆಯ ಕೋಣೆಯ ಆಯಿಗೆ ಉಸಿರು ಹಿಡಿಯಿತು. ಎಂಬತ್ತು ದಾಟಿದವಳು, ಹಳ್ಳಿಯಿಂದ ಒಬ್ಬಳೇ ಬಂದವಳು, ತನ್ನವರು ಎಂದು ಹೇಳಿಕೊಳ್ಳಲು ಯಾರೂ ಇಲ್ಲದವಳು. ನನ್ನನ್ನು 'ತಮ್ಮಾ' ಎಂದು ಕರೆದು, ನನ್ನ ಕನ್ನಡವನ್ನು ಅಣಕಿಸುವುದು ಅವಳ ದಿನದ ಮೊದಲ ಕೆಲಸ. ಭೇಲೂಪುರದ ಡಾಕ್ಟರು ಬಂದು ಎದೆ ನೋಡಿ, ಜಗಲಿಗೆ ಬಂದು, ಎದೆಯಲ್ಲಿ ನೀರು ತುಂಬಿದೆ ಎಂದರು. ಆಸ್ಪತ್ರೆಗೆ ಬರುವುದಿಲ್ಲ ಎಂದು ಆಯಿ ಮೊದಲೇ ಹಟ ಹಿಡಿದಿದ್ದಳು. "ದೋ ದಿನ್ ದೇಖ್ ಲೇತೇ ಹೈಂ," ಎಂದು ಔಷಧಿ ಬರೆದುಕೊಟ್ಟರು. ಎರಡು ದಿನ ನೋಡೋಣ ಎಂದು ಡಾಕ್ಟರು ಹೇಳಿದರೆ ಏನರ್ಥ ಎಂಬುದು ಈ ಊರಿನಲ್ಲಿ ಎಲ್ಲರಿಗೂ ಗೊತ್ತು.

ಮಠದ ಸ್ವಾಮಿಗಳನ್ನು ನಾವು ಅಜ್ಜಾರು ಎನ್ನುತ್ತೇವೆ. ಅವರು ನನ್ನನ್ನು ಕರೆದು ಮೆಲ್ಲಗೆ ಹೇಳಿದರು: "ಆಯೀದು ಹಾಳಿ ಏನೈತಿ ನೋಡಿಡಪಾ. ಸಂಜೀ ಪೂಜಾಕ್ಕ ಮೊದಲ ಬಂದು ನನಗ ಹೇಳು. ಮಣ್ಣು ಅಂದಿದ್ರ ಜಾಗ ತಯಾರ್ ಮಾಡ್ಸಬೇಕು."

ಕಚೇರಿಗೆ ಬಂದು ಆಯಿಯ ಫೈಲು ಒತ್ತಿದೆ. ತೆರೆಯಿತು. ಕನ್ನಡ ಇರಲಿಲ್ಲ. ಪರದೆಯ ತುಂಬ ಕಪ್ಪು ವಜ್ರದಂಥ ಚೌಕಗಳು, ಒಂದೊಂದರ ಹೊಟ್ಟೆಯಲ್ಲೂ ಒಂದೊಂದು ಪ್ರಶ್ನೆ ಚಿಹ್ನೆ, ನಡುನಡುವೆ ಚದುರಿದ ಇಂಗ್ಲಿಷ್ ಅಕ್ಷರಗಳು. ಸಾಲುಸಾಲಾಗಿ ಯಾರೋ ನನ್ನನ್ನೇ ಏನೋ ಕೇಳುತ್ತಿರುವಂತೆ.

ಆಗ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆ. ಮಠದಲ್ಲಿ ಏನು ಬರೆದರೂ ನೆತ್ತಿಯ ಮೇಲೆ 'ಶ್ರೀ' ಇರಬೇಕು. ಶ್ರೀ ಇಲ್ಲದ ಬರಹವನ್ನು ಅಜ್ಜಾರು ಮುಟ್ಟುವುದಿಲ್ಲ, ನನಗೂ ಮುಟ್ಟಲು ಕೈ ಬರುವುದಿಲ್ಲ. ಆ ಪ್ರಶ್ನೆಗಳ ಮೇಲೆ ಶ್ರೀ ಕಾಣಲಿಲ್ಲ. ಸಾಯುತ್ತಿರುವವಳ ಹಾಳೆ, ಮೇಲೆ ಶ್ರೀ ಇಲ್ಲ! ತಲೆ ಯೋಚಿಸುವ ಮೊದಲೇ ಬೆರಳು ಹೋಗಿ ಮೊದಲ ಸಾಲಿನಲ್ಲಿ ಶ್ರೀ ಎಂದು ಒತ್ತಿಬಿಟ್ಟಿತು. ನಮ್ಮಲ್ಲಿ ಯಾವ ಗಳಿಗೆಯಲ್ಲಿ ಕರೆಂಟು ಹೋಗುತ್ತದೋ ಗೊತ್ತಿಲ್ಲ, ಆದ್ದರಿಂದ ಒಂದು ಪದ ಬರೆದರೂ ಸೇವ್ ಮಾಡುವುದು ನನ್ನ ಅಭ್ಯಾಸ. ಅದನ್ನೂ ಮಾಡಿದೆ.

ಆಮೇಲೆ ಬೇರೆಯವರ ಹಾಳೆ ತೆರೆದು ನೋಡಿದೆ. ಅದೂ ಹಾಗೇ. ಇನ್ನೊಂದು, ಮತ್ತೊಂದು. ಎಲ್ಲ ವಜ್ರಗಳು, ಎಲ್ಲ ಪ್ರಶ್ನೆಗಳು. ಹಿಂದಿನ ಸಾಲಿನ ಅಷ್ಟೂ ಜನರ ಕೊನೆಯ ಮಾತು ನನ್ನ ಕೈಯಲ್ಲಿ ಮಣ್ಣುಪಾಲಾಯಿತು ಎಂದುಕೊಂಡೆ. ಪುಣ್ಯಕ್ಕೆ, ಅವುಗಳಲ್ಲಿ ಏನೂ ಬರೆಯಲು ನನಗೆ ಧೈರ್ಯ ಬರಲಿಲ್ಲ.

ಕಂಪ್ಯೂಟರಿನ ಡಬ್ಬಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಇ-ರಿಕ್ಷಾ ಹತ್ತಿ, ತೊಡೆಯ ಮೇಲಿಟ್ಟುಕೊಂಡು ಭೇಲೂಪುರಕ್ಕೆ ಹೋದೆ. ಅಲ್ಲಿನ ರಿಪೇರಿಯವನು ನನ್ನ ವಯಸ್ಸಿನವನೇ, ಬಾಯಲ್ಲಿ ಸದಾ ಪಾನು. ಬನಾರಸಿನವರ ರೂಢಿಯಂತೆ ಎಲ್ಲರನ್ನೂ 'ಗುರು' ಎನ್ನುತ್ತಾನೆ.

"ಕಾ ಗುರು, ಮಠ್ ಕಾ ಮಶೀನ್ ಫಿರ್ ಬೀಮಾರ್?"

ಮಠದ ಮಶೀನಿಗೆ ಮತ್ತೆ ಕಾಯಿಲೆಯೇ ಎಂದು ಕೇಳಿದವನಿಗೆ ಎಲ್ಲ ಹೇಳಿದೆ. ತಂತಿ ಜೋಡಿಸಿ, ನೋಡಿ, ನಕ್ಕ. "ಹಮೇಶಾ ದಬಾ ದಿಯೇ ಥೇ ನ? ಬಸ್, ಉಸೀ ಕಾ ಖೇಲ್ ಹೈ."

ಎಲ್ಲ ಆ 'ಹಮೇಶಾ' ಗುಂಡಿ ಒತ್ತಿದ್ದರ ಆಟ ಎಂದು ಅವನು ಹಿಂದಿಯಲ್ಲಿ ಬಿಡಿಸಿ ಹೇಳಿದ್ದು ಇಷ್ಟು. ಅಕ್ಷರಗಳು ಎಲ್ಲೂ ಹೋಗಿಲ್ಲ. ನಿಮ್ಮ ಊರಿನ ಚೀಟಿಯನ್ನು ನಮ್ಮ ಗಲ್ಲಿಯ ಹಾಲಿನವನಿಗೆ ಓದಲು ಕೊಟ್ಟಿದ್ದೀರಿ, ಅವನು ತಲೆ ಕೆರೆದುಕೊಂಡಿದ್ದಾನೆ, ಅಷ್ಟೆ. ಚೀಟಿಯನ್ನು ಮತ್ತೆ ನಿಮ್ಮವರ ಕೈಗೇ ಕೊಟ್ಟರಾಯಿತು. ಹೀಗೆನ್ನುತ್ತಾ ಯಾವುದೋ ಪಟ್ಟಿ ತೆರೆದು, ಆ ಮೂರಕ್ಷರದ ಬಾಲದ ಎದುರಿಗೆ ನಮ್ಮ ಹಳೆಯ ಕನ್ನಡದ ಪ್ರೋಗ್ರಾಮನ್ನೇ ತಿರುಗಿ ಕೂರಿಸಿದ. ಒಂದು ಹಾಳೆ ಒತ್ತಿದ. ಕನ್ನಡ ಬಂತು. ನೆತ್ತಿಯ ಮೇಲಿನ ಶ್ರೀಯೂ ಇತ್ತು. ಇನ್ನೊಂದು, ಬಂತು. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು.

"ಇದೊಂದು," ಎಂದು ಆಯಿಯದನ್ನು ತೋರಿಸಿದೆ.

ಒತ್ತಿದ. ಕನ್ನಡ ಬರಲಿಲ್ಲ. ಅದೇ ಒಂದಿಷ್ಟು ಗುರುತುಗಳು ಮತ್ತೆ ಮತ್ತೆ, ಯಾರೋ ತಿಳಿಯದ ಭಾಷೆಯಲ್ಲಿ ಜಪ ಮಾಡಿದಂತೆ ಸಾಲುಗಟ್ಟಿದ್ದವು. ಅವನು ಅದನ್ನು ಹಿಂದೆ ಮುಂದೆ ಮಾಡಿದ. ಬೇರೆ ಎರಡು ಪ್ರೋಗ್ರಾಮುಗಳಲ್ಲಿ ತೆರೆದ. ಮುಖದ ನಗು ಹೋಯಿತು. ಉಳಿದವುಗಳನ್ನು, ಹಿಂದಿ ಪಟ್ಟಿಗೆಂದು ನಾನು ಆರಿಸಿದ್ದ ಪ್ರೋಗ್ರಾಮು ಬರೀ ನೋಡಿತ್ತು. ಆಯಿಯದರಲ್ಲಿ ನಾನು ಶ್ರೀ ಬರೆದಿದ್ದೆ, ಸೇವ್ ಮಾಡಿದ್ದೆ. ಆಗ ಅದು ತನಗೆ ತಿಳಿಯದ ಒಂದೊಂದು ಅಕ್ಷರವನ್ನೂ ಒಂದೊಂದು ಪ್ರಶ್ನೆ ಚಿಹ್ನೆ ಮಾಡಿ ಬರೆದಿಟ್ಟುಬಿಟ್ಟಿತ್ತು.

"ಇ ತ ಗಇಲ್, ಗುರು," ಎಂದ. ಇದು ಹೋಯಿತು.

ನನ್ನ ಮುಖ ನೋಡಿ ಅವನಿಗೆ ಅಯ್ಯೋ ಅನಿಸಿರಬೇಕು. "ಅರೇ, ಮಾತಾಜೀ ಸೇ ಫಿರ್ ಪೂಛ್ ಲೀಜಿಯೇ. ಜಿಂದಾ ಹೈಂ ನ?"

ಬದುಕಿದ್ದಾಳಲ್ಲ, ಮತ್ತೆ ಕೇಳಿಬಿಡಿ! ಅದನ್ನೇ ಮಾಡುವಂತಿಲ್ಲ ಎಂದು ಅವನಿಗೆ ಹೇಗೆ ಹೇಳಲಿ?

ವಾಪಸು ಬರುವಾಗ ದಾರಿಯುದ್ದಕ್ಕೂ ನೆನಪು ಮಾಡಿಕೊಂಡೆ. ಆಯಿ ಎರಡು ವರ್ಷದ ಹಿಂದೆ ನನ್ನೆದುರು ಕೂತು ಏನೆಂದಿದ್ದಳು? ಸೀರೆ ನೆನಪಿತ್ತು, ಹಸಿರು ಇಳಕಲ್ಲು. ಯಾರಿಗೂ ತಿಳಿಸುವುದು ಬೇಡ ಎಂದದ್ದೂ ನೆನಪಿತ್ತು. ಮೂರನೆಯದು ನೆನಪಿಗೆ ಬರಲೇ ಇಲ್ಲ. ಆ ದಿನ ಆರೇಳು ಜನರ ಹಾಳೆ ಒಟ್ಟಿಗೆ ಬರೆದಿದ್ದೆ. ಮಣ್ಣು, ಬೆಂಕಿ, ಬೆಂಕಿ, ಮಣ್ಣು, ಬೆಂಕಿ, ಎಲ್ಲ ಕಲಸಿಹೋಗಿದ್ದವು. ಅವಳ ಜನದಲ್ಲಿ ಎರಡೂ ಉಂಟು. ಮಣ್ಣು ಎಂದವಳನ್ನು ಸುಟ್ಟುಬಿಟ್ಟರೆ? ಹೂಳಿದ್ದನ್ನಾದರೂ ಏನಾದರೂ ಮಾಡಬಹುದು, ಸುಟ್ಟದ್ದನ್ನು ಏನು ಮಾಡಲಿ? ಬೆಂಕಿ ಎಂದವಳನ್ನು ಹೂಳಿದರೆ, ಕಾಶಿಗೆ ಬಂದು ಎರಡು ವರ್ಷ ಕಾದದ್ದನ್ನೇ ತಪ್ಪಿಸಿದಂತಲ್ಲವೇ? ಗಲ್ಲಿಯ ತಿರುವಿನಲ್ಲಿ ಒಂದು ಚಟ್ಟ ಎದುರಾಯಿತು. ರಾಮ ನಾಮ ಸತ್ಯ ಹೈ. ದಿನಕ್ಕೆ ಹತ್ತು ಸಲ ಪಕ್ಕಕ್ಕೆ ಸರಿದು ದಾರಿ ಬಿಡುವವನು ನಾನು. ಅವತ್ತು ಮಾತ್ರ ಗೋಡೆಗೆ ಅಂಟಿಕೊಂಡು ಕಣ್ಣು ಮುಚ್ಚಿದೆ.

ಆಯಿಯ ಪಕ್ಕದ ಕೋಣೆಯವಳು ಬಾಗಿಲಲ್ಲಿ ಗಂಜಿ ಆರಿಸುತ್ತಾ ಕೂತಿದ್ದಳು. ಬಾಯಿ ಜೋರಿನ ಮುದುಕಿ. ಮೆಲ್ಲಗೆ ಕೇಳಿದೆ, "ಅಕ್ಕಾ, ಆಯಿ ನಿನ್ನ ಮುಂದ ಯಾವತ್ತಾದ್ರೂ ಹಾಳೀ ಸುದ್ದಿ ಹೇಳಿದ್ಲೇನು?"

"ಹಾಳೀ ಸುದ್ದಿ ಯಾರರ ಆಡ್ತಾರೇನೋ? ನಿನ್ನ ಹೇಣ್ತಿ ಮುಂದ ನೀ ಆಡೀಯೇನು?" ಎಂದು ಗದರಿದವಳು ತಕ್ಷಣ ಚಮಚ ಕೆಳಗಿಟ್ಟಳು. "ಯಾಕ ಕೇಳ್ತಿ? ಏನಾತು? ಎರಡನೇ ಸಲ ಕೇಳಾಕ ಹೊಂಟೀಯೇನು ಮತ್ತ?"

"ಇಲ್ಲ ಇಲ್ಲ," ಎಂದು ಕಚೇರಿಗೆ ಬಂದುಬಿಟ್ಟೆ.

ಡಬ್ಬಿಗೆ ತಂತಿ ಸಿಕ್ಕಿಸಿ, ಹೊಸ ಫೈಲು ತೆರೆದೆ. ಯಾರಿಗೆ ಗೊತ್ತಾಗುತ್ತದೆ? ಕಾಶಿಗೆ ಬಂದವಳು, ಬೆಂಕಿ ಎಂದೇ ಅಂದಿರುತ್ತಾಳೆ, ಬಂದವರಲ್ಲಿ ಹೆಚ್ಚಿನವರು ಅದನ್ನೇ ಅಲ್ಲವೇ ಅನ್ನುವುದು? ಯಾರಿಗೂ ಇಲ್ಲ ಎಂದು ಬರೆದೆ. ಹಸಿರು ಇಳಕಲ್ಲು ಎಂದು ಬರೆದೆ. ಮೂರನೆಯ ಸಾಲಿಗೆ ಬಂದಾಗ ಕೈ ನಿಂತಿತು. ಎರಡನೇ ಸಲ ಕೇಳಿದರೆ ಅವಳು ಹೋಗುತ್ತಾಳೆ ಎಂಬ ಹೆದರಿಕೆ ಒಂದು ಕಡೆ. ಕೇಳದೆ ಬರೆದರೆ ಅವಳು ಹೋದ ಮೇಲೆ ನಾನು ಹೇಗೆ ಬದುಕಲಿ ಎಂಬುದು ಇನ್ನೊಂದು ಕಡೆ. ಫೈಲು ಮುಚ್ಚಿ ಎದ್ದೆ.

ಆಯಿ ದಿಂಬುಗಳಿಗೆ ಒರಗಿ ಅರ್ಧ ಕೂತಿದ್ದಳು. ಉಸಿರು ಗೊರಗೊರ ಎನ್ನುತ್ತಿತ್ತು. ಕಣ್ಣು ಮಾತ್ರ ಚುರುಕು.

"ಯಾಕೋ ತಮ್ಮಾ, ಮಾರಿ ಹಿಂಗ ಸಣ್ಣ ಮಾಡ್ಕೊಂಡ ಬಂದಿ? ನಾ ಸಾಯಾಕತ್ತೀನೋ, ನೀ ಸಾಯಾಕತ್ತೀಯೋ?"

"ಗಂಜಿ ಕುಡಿದ್ಯಾ ಆಯೀ?"

"ಗಂಜಿ ಕೇಳಾಕ ಬಂದಾವ ಅಲ್ಲ ನೀ."

ನೆಲದ ಮೇಲೆ ಕೂತೆ. ಅವಳು ನನ್ನನ್ನೇ ನೋಡುತ್ತಿದ್ದಳು. ನೋಡುತ್ತಾ ನೋಡುತ್ತಾ ಅವಳ ಮುಖ ಬದಲಾಯಿತು. ಕೈ ಕೌದಿಯ ಅಂಚನ್ನು ಹಿಡಿಯಿತು.

"ಎರಡನೇ ಸಲ ಕೇಳಾಕ ಬಂದೀಯೇನು?"

ನಾನು ತಲೆ ಎತ್ತಲಿಲ್ಲ. "ನಿನ್ನ ಹಾಳಿ ಅಳಿಸಿ ಹೋತು ಆಯೀ. ನಾನ ಅಳಿಸಿದೆ. ಬೇಕಂತ ಅಲ್ಲ. ಸೀರಿ ನೆನಪೈತಿ. ಮಣ್ಣೋ ಬೆಂಕಿಯೋ ಅನ್ನೋದು ನೆನಪಿಲ್ಲ."

ಅವಳ ಉಸಿರು ಎಣಿಸುತ್ತಾ ಕೂತಿದ್ದೆ, ನಿಂತುಬಿಟ್ಟರೆ ಎಂದು.

"ನನಗ ನೆನಪೈತಿ," ಎಂದಳು ಕೊನೆಗೆ. "ಬೆಂಕಿ ಅಂದಿದ್ದೆ."

ಎದೆಯ ಮೇಲಿನ ಕಲ್ಲು ಇಳಿದಂತಾಗಿ ಏಳಲು ಹೋದೆ.

"ತಡೀ. ಎಲ್ಲಿಗೆ ಓಡ್ತಿ?" ಅವಳ ದನಿ ಸಣ್ಣಗಾಗಿತ್ತು. "ಅವತ್ತ ಹೊರಗ ಬೆಂಚಿನ ಮ್ಯಾಲ ನಾಲ್ಕ ಮಂದಿ ಕುಂತಿದ್ರು. ನನಗಿಂತ ಮೊದ್ಲ ಒಳಗ ಹೋದಾಕಿ ಬೆಂಕಿ ಅಂದ್ಲು. ಎಲ್ಲಾರಿಗೂ ಕೇಳ್ತು. ನಾ ಮಣ್ಣು ಅಂದ್ರ ಏನಂತಿದ್ರು? ಮಣ್ಣಿಗೆ ಇಷ್ಟ ದೂರ ಬಂದ್ಯಾ, ನಿನ್ನ ಊರಾಗ ಮಣ್ಣ ಇರಲಿಲ್ಲೇನು ಅಂತಿದ್ರು. ನಾಚಿಕಿ ಬಂದು ಬೆಂಕಿ ಅಂದೆ."

"ಮತ್ತ ಬದಲಿ ಮಾಡಸಬೇಕಿತ್ತಲ್ಲ ಆಯೀ?"

"ಹೆಂಗ ಮಾಡಸ್ಲಿ? ನಾನಾಗಿ ಬಂದು ಇನ್ನೊಮ್ಮೆ ಕೇಳು ಅಂದ್ರ ಕರಕೊಂಡ ಹೋಗು ಅಂದಂಗಲ್ಲೇನು? ಆ ಧೈರ್ಯ ನನಗಿರಲಿಲ್ಲೋ." ಉಸಿರು ತೆಗೆದುಕೊಳ್ಳಲು ನಿಂತಳು. "ಮುಂದಿನ ಗಲ್ಲ್ಯಾಗ ದಿನಾ ಹೆಣ ಒಯ್ಯತಾರಲ್ಲ, ಆವಾಗೆಲ್ಲ ಕಿವ್ಯಾಗ ಸೆರಗ ತುರುಕ್ಕೊಂಡ ಕೂಡತೀನಿ. ಅರವತ್ತ ವರ್ಷ ಒಲಿ ಮುಂದ ಕುಂತೀನಿ ತಮ್ಮಾ. ರೊಟ್ಟಿ ಬಡದು ಬಡದು ಮಾರಿ ಸುಟ್ಟೈತಿ. ಸಾಕಾಗೇತಿ ನನಗ ಬೆಂಕಿ. ತಂಪ ಬೇಕು."

ಎರಡು ವರ್ಷ ನಾನು ದಿನಾ ಅವಳ ಬಾಗಿಲ ಮುಂದೆ ಓಡಾಡಿದ್ದೆ. ಅಣಕಿಸಿಕೊಂಡು ನಕ್ಕಿದ್ದೆ. ಒಳಗೆ ಇದನ್ನು ಇಟ್ಟುಕೊಂಡು ಅವಳು ಕೂತಿದ್ದಾಳೆ ಎಂದು ಗೊತ್ತೇ ಇರಲಿಲ್ಲ.

"ಬರಿ. ಈಗಿಂದೀಗ. ನನ್ನ ಮುಂದ," ಎಂದಳು.

"ಕಾಗದದ ಮ್ಯಾಲ ಬರೀಬಾರದಲ್ಲ ಆಯೀ..."

"ನಿನ್ನ ಪೆಟಗಿ ಮತ್ತ ನುಂಗಿದ್ರ? ಮೂರನೇ ಸಲ ಕೇಳಾಕ ಬರ್ತಿ? ಬರಿಯೋ ಮೂಳಾ!"

ಔಷಧಿಯ ಚೀಟಿಯ ಹಿಂಬದಿಯಲ್ಲಿ, ಮೇಲೆ ಶ್ರೀ ಹಾಕಿ, ಮಣ್ಣು ಎಂದು ಬರೆದೆ. ಅವಳಿಗೆ ಓದಲು ಬರುವುದಿಲ್ಲ. ಆದರೂ ಕಾಗದ ಇಸಿದುಕೊಂಡು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. "ಇಷ್ಟ ಸಣ್ಣ ಬರದೀ? ದೊಡ್ಡದಾಗಿ ಬರಿ," ಎಂದಳು. ಅದರ ಕೆಳಗೆ ಮತ್ತೊಮ್ಮೆ ದೊಡ್ಡದಾಗಿ ಬರೆದೆ.

ಪೂಜೆಗೆ ಮಡಿಯುಟ್ಟು ನಿಂತಿದ್ದ ಅಜ್ಜಾರ ಮುಂದೆ ಚೀಟಿ ಇಟ್ಟು, ನಡೆದದ್ದೆಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಕೇಳೇ ಬಿಟ್ಟೆಲ್ಲಾ?" ಎಂದರು. "ಕೇಳಿದೆ ಅಜ್ಜಾರ," ಎಂದೆ. ಅವರು ಹಿಂದಿನ ಸಾಲಿನ ಕಡೆಗೆ ತಿರುಗಿ ನೋಡಿದರು. ವೇದಾಂತ ಹೇಳುವ ಮನುಷ್ಯರು, ನೂರಾರು ಸಾವು ನೋಡಿದವರು. ಅವರ ಕಣ್ಣಲ್ಲೂ ಅದೇ ಹೆದರಿಕೆ ಇತ್ತು. ಅಂದು ದೀಪ ಹಚ್ಚುವಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗಂಟೆ ನಿಂತ ಮೇಲೆ ಕಿವಿಗೊಟ್ಟೆವು. ಹಿಂದಿನ ಸಾಲಿನಿಂದ ಯಾರೂ ಕೂಗಲಿಲ್ಲ.

ಶುಕ್ರವಾರವೂ ಯಾರೂ ಕೂಗಲಿಲ್ಲ. ಶನಿವಾರ ಡಾಕ್ಟರು ಬಂದು, ನೀರು ಇಳಿಯುತ್ತಿದೆ ಎಂದರು. ಪಕ್ಕದ ಕೋಣೆಯವಳು ನನ್ನನ್ನು ಕಂಡರೆ ರಪ್ಪನೆ ಬಾಗಿಲು ಹಾಕಿಕೊಳ್ಳುತ್ತಿದ್ದಳು, ನನ್ನ ಬಾಯಿಂದ ತನಗೂ ಎಲ್ಲಿ ಪ್ರಶ್ನೆ ಬಂದೀತೋ ಎಂದು. ಆಯಿ ಗಂಜಿ ಬಿಟ್ಟು ಅನ್ನಕ್ಕೆ ಬಂದಳು. ಎಲ್ಲರೂ ಸಮಾಧಾನಪಟ್ಟರು. ನನಗೆ ಸಮಾಧಾನವಾಗಲಿಲ್ಲ. ಆ ಹಳೆಯ ಮುದುಕರಿಗೆ ಅದೇ ಸಂಜೆ ಬಂದದ್ದು, ಇವಳಿಗೆ ಯಾವ ಸಂಜೆ? ಕೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲವಲ್ಲ.

ಅಂದಿನಿಂದ ಬೆಳಿಗ್ಗೆ ಕಚೇರಿಯ ಬೀಗ ತೆಗೆಯುವ ಮೊದಲು ಹಿಂದಿನ ಸಾಲಿನ ಕಡೆಗೆ ಹೋಗಿ, ಕಡೆಯ ಕೋಣೆಯ ಗೋಡೆಯ ಮಗ್ಗುಲಿಗೆ ನಿಂತು ಕೇಳುತ್ತೇನೆ. ಒಂದು ಕೆಮ್ಮು, ಒಂದು ತಂಬಿಗೆಯ ಸದ್ದು, ಏನಾದರೊಂದು ಕಿವಿಗೆ ಬಿದ್ದ ಮೇಲೆಯೇ ಹಿಂದಿರುಗುವುದು. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

ತಿಂಗಳು ಕಳೆದಿರಬೇಕು, ಒಂದು ಬೆಳಿಗ್ಗೆ ಎಷ್ಟು ನಿಂತರೂ ಒಳಗಿನಿಂದ ಏನೂ ಕೇಳಲಿಲ್ಲ. ಕೆಮ್ಮಿಲ್ಲ, ತಂಬಿಗೆಯಿಲ್ಲ. ಗೋಡೆಗೆ ಕಿವಿ ಹಚ್ಚಿದೆ. ಬಾಗಿಲು ತಳ್ಳಲು ಕೈ ಎತ್ತಿದೆ, ಕೈ ಮುಂದೆ ಹೋಗಲಿಲ್ಲ. ಕೊನೆಗೆ ದೇವರ ಹೆಸರು ಹೇಳಿ ತಳ್ಳಿದೆ.

ಆಯಿ ಬಾಗಿಲಿನ ಹಿಂದೆಯೇ, ಸೆರಗಿನಿಂದ ಬಾಯಿ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಇದ್ದಾಳೋ ಹೋದ್ಲೋ ಅಂತ ನೋಡಾಕ ಬಂದ್ಯಾ?" ಎಂದು ನಗಲು ಹೋಗಿ ಕೆಮ್ಮು ಹತ್ತಿ ಗೋಡೆ ಹಿಡಿದುಕೊಂಡಳು. "ಅದೀನಿ, ಹೋಗು! ನಿನ್ನ ಕೆಲಸ ನೋಡ್ಕೋ ಹೋಗು!"

ನಾನು ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತೆ. ಅವಳು ಕೆಮ್ಮುತ್ತಲೇ ಇದ್ದಳು. ನಾನು ಕೇಳುತ್ತಾ ಕೂತಿದ್ದೆ.